ದುಬಾರಿ ಫೋನು, ದುಬಾರಿ ಪ್ಲಾನು: ಕೊಳ್ಳುವ ಮುನ್ನ ಹಾಕಿ ನೋಡಬೇಕಾದ ಲೆಕ್ಕ

80,000 ರೂಪಾಯಿಯ ಫೋನು ಆ ಬೆಲೆಗೆ ತಕ್ಕದ್ದೇ ಎಂಬುದು ಅಂಗಡಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುವುದಿಲ್ಲ. ಬೆಲೆಯನ್ನು ತಿಂಗಳ ಬಾಡಿಗೆಯಂತೆ ಇಳಿಸಿ ನೋಡಿದಾಗ ಮಾತ್ರ ಅದು ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಫೋನನ್ನು ಒಂದು ಕಡೆ, ಸಿಮ್ಮನ್ನು ಇನ್ನೊಂದು ಕಡೆ ಕೊಳ್ಳುವುದರಿಂದ ಎರಡು ಲೆಕ್ಕಗಳನ್ನೂ ಬೇರೆ ಬೇರೆಯಾಗಿಯೇ ಹಾಕಬೇಕು.

ಮೊದಲು ನೋಡಬೇಕಾದದ್ದು ಕ್ಯಾಮೆರಾ ಅಲ್ಲ, ಆ ಮಾದರಿಗೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ ಎಂಬುದು. ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಎಸ್24 ಸರಣಿಗೂ 7 ವರ್ಷಗಳ ಅಪ್‌ಡೇಟ್ ಘೋಷಿಸಿದವು. ಅಗ್ಗದ ಫೋನುಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಯುಪಿಐ, ಬ್ಯಾಂಕಿನ ಆ್ಯಪ್ ಎಲ್ಲವೂ ಫೋನಿನಲ್ಲೇ ಇರುವಾಗ ಅಪ್‌ಡೇಟ್ ನಿಂತ ಫೋನನ್ನು ಬಳಸುತ್ತಾ ಹೋಗುವುದು ಜಾಣತನವಲ್ಲ. ಈ ವರ್ಷಗಳನ್ನು ಮಾದರಿಯು ಮಾರುಕಟ್ಟೆಗೆ ಬಂದ ದಿನದಿಂದ ಎಣಿಸಲಾಗುತ್ತದೆಯೇ ಹೊರತು ನೀವು ಕೊಂಡ ದಿನದಿಂದಲ್ಲ. ಆದ್ದರಿಂದ ಹಬ್ಬದ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾದರಿಯಲ್ಲಿ ಎರಡು ವರ್ಷದ ಆಯುಷ್ಯ ಆಗಲೇ ಕಳೆದಿರುತ್ತದೆ.

ಇನ್ನು ಲೆಕ್ಕ. ಬೆಲೆಗೆ ಒಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನು ಕೂಡಿಸಿ, ಕೊನೆಗೆ ಮಾರಿದರೆ ಬರುವ ಹಣವನ್ನು ಕಳೆದು, ಬಳಸುವ ತಿಂಗಳುಗಳಿಂದ ಭಾಗಿಸಿ. 80,000ದ ಫೋನನ್ನು 6 ವರ್ಷ ಇಟ್ಟುಕೊಂಡು, ಬ್ಯಾಟರಿಗೆ 7,000 ಕೊಟ್ಟು, ಕಡೆಗೆ 10,000ಕ್ಕೆ ಮಾರಿದರೆ ತಿಂಗಳಿಗೆ ಸುಮಾರು 1,070 ರೂಪಾಯಿ ಬೀಳುತ್ತದೆ. ಅದೇ ಫೋನನ್ನು ಎರಡೇ ವರ್ಷಕ್ಕೆ ಅರ್ಧ ಬೆಲೆಗೆ ಕೊಟ್ಟು ಹೊಸದು ಕೊಂಡರೆ ತಿಂಗಳಿಗೆ 1,667. 18,000ದ ಫೋನನ್ನು 3 ವರ್ಷ ಬಳಸಿ 2,000ಕ್ಕೆ ಮಾರಿದವರಿಗೆ ಬೀಳುವುದು 445ರಷ್ಟೇ. ಚಿತ್ರ, ವಿಡಿಯೊಗಳಿಂದಲೇ ಗಿರಾಕಿಗಳನ್ನು ಪಡೆಯುವ ಕೇಕ್ ಮಾಡುವವರಿಗೋ ಸೀರೆ ಮಾರುವವರಿಗೋ ತಿಂಗಳಿಗೆ ಆರುನೂರು ಚಿಲ್ಲರೆಯ ಈ ಹೆಚ್ಚುವರಿ ಖರ್ಚು ದುಡಿಮೆಯಲ್ಲಿ ಸುಲಭವಾಗಿ ಮರಳಿ ಬರುತ್ತದೆ. ವಾಟ್ಸ್‌ಆ್ಯಪ್, ಯೂಟ್ಯೂಬ್, ಹಣ ಪಾವತಿ ಇಷ್ಟೇ ಸಾಕೆನ್ನುವವರಿಗೆ ಮರಳಿ ಬರುವುದಿಲ್ಲವೆಂದೇ ನನ್ನ ಅಭಿಪ್ರಾಯ. ದುಬಾರಿ ಫೋನು ಕೊಂಡು ಬೇಗ ಬದಲಿಸುವುದಂತೂ ಬರೀ ಶೋಕಿ. ಶೋಕಿಗೆ ತಪ್ಪೇನಿಲ್ಲ, ಆದರೆ ಅದನ್ನು ಉಳಿತಾಯವೆಂದು ಮನೆಯವರನ್ನು ನಂಬಿಸಲು ಹೋಗಬಾರದು.

‘ನೋ ಕಾಸ್ಟ್ ಇಎಂಐ’ ಎಂಬ ಫಲಕ ಕಂಡರೆ ಸ್ವಲ್ಪ ನಿಲ್ಲಿ. ಅಲ್ಲಿ ಬಡ್ಡಿ ಇಲ್ಲವೆಂದಲ್ಲ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ. 60,000ದ ಫೋನನ್ನು ಶೇ 15ರ ಬಡ್ಡಿಯಲ್ಲಿ 12 ಕಂತಿಗೆ ಕೊಂಡರೆ ಕಂತುಗಳೊಳಗಿನ ಬಡ್ಡಿ ಸುಮಾರು 4,600 ಆಗುತ್ತದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 830ರಷ್ಟನ್ನು ನೀವೇ ಕೊಡಬೇಕು. ಪ್ರೊಸೆಸಿಂಗ್ ಶುಲ್ಕವಿದ್ದರೆ ಅದೂ ಸೇರುತ್ತದೆ. ಒಟ್ಟಿಗೆ ಹಣ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿದ ಮೇಲೆಯೇ ಕಂತಿಗೆ ಒಪ್ಪಿಕೊಳ್ಳಿ.

ಪ್ಲಾನಿನ ವಿಷಯದಲ್ಲಿ ಮೋಸಹೋಗುವುದು 28 ದಿನದ ಲೆಕ್ಕದಲ್ಲಿ. ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್ ಬೇಕಾಗುವುದರಿಂದ 300ರ ಪ್ಲಾನಿಗೆ ವರ್ಷಕ್ಕೆ 3,600ರ ಬದಲು 3,900 ಆಗುತ್ತದೆ. 30 ದಿನದ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಲಾನನ್ನೂ ಪ್ರತಿ ಕಂಪನಿಯೂ ಕನಿಷ್ಠ ಒಂದೊಂದಾದರೂ ಇಡಬೇಕೆಂದು 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಆದೇಶಿಸಿದೆ. ಆ್ಯಪ್‌ನಲ್ಲಿ ಹುಡುಕಿದರೆ ಅವು ಸಿಗುತ್ತವೆ. ಪ್ರಿಪೇಯ್ಡ್ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಬೆಲೆಯ ಮೇಲೆ ಶೇ 18 ಬೇರೆ ಬೀಳುತ್ತದೆ ಎಂಬುದನ್ನು ಹೋಲಿಸುವಾಗ ಮರೆಯಬೇಡಿ.

ಅನಂತರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟ ತೆರೆದು ಕಳೆದ ತಿಂಗಳು ಎಷ್ಟು ಖರ್ಚಾಗಿದೆ ನೋಡಿ. ದಿನಕ್ಕೆ ಒಂದೂವರೆ ಜಿಬಿ ಎಂದರೆ 28 ದಿನಕ್ಕೆ 42 ಜಿಬಿ. ಮನೆಯಲ್ಲೂ ಕಚೇರಿಯಲ್ಲೂ ವೈಫೈ ಇರುವವರು ಇದರ ಕಾಲುಭಾಗವನ್ನೂ ಮುಟ್ಟದಿರಬಹುದು, ಆ ದಿನ ಉಳಿದದ್ದು ಸಾಮಾನ್ಯವಾಗಿ ಮರುದಿನಕ್ಕೆ ಸೇರುವುದೂ ಇಲ್ಲ. ಊರಿನಲ್ಲಿ ಕೀಪ್ಯಾಡ್ ಫೋನು ಬಳಸುವ ತಂದೆತಾಯಿಗೆ, ಒಟಿಪಿಗಷ್ಟೇ ಇಟ್ಟುಕೊಂಡ ಎರಡನೆಯ ಸಿಮ್ಮಿಗೆ ಡೇಟಾ ಕೊಳ್ಳುವುದೇ ದಂಡ. ಇಂಥವರಿಗಾಗಿ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನನ್ನು ಕಂಪನಿಗಳು ಕೊಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಂದಿದೆ. ರೀಚಾರ್ಜ್ ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಬೇಕು.

ಇಷ್ಟಾದರೂ ಹೊಂದುವ ಪ್ಲಾನು ಸಿಗದಿದ್ದರೆ ಸಂಖ್ಯೆಯನ್ನು ಉಳಿಸಿಕೊಂಡೇ ಬೇರೆ ಕಂಪನಿಗೆ ಪೋರ್ಟ್ ಆಗಬಹುದು; ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಮನೆಯ ಒಳಕೋಣೆಯಲ್ಲಿ ಹೊಸ ಕಂಪನಿಯ ಸಿಗ್ನಲ್ ಬರುತ್ತದೆಯೇ ಎಂದು ಅದೇ ಸಿಮ್ ಇರುವ ನೆರೆಯವರ ಫೋನಿನಲ್ಲಿ ಪರೀಕ್ಷಿಸಿ, ಹಳೆಯ ರೀಚಾರ್ಜ್ ಮುಗಿಯುವ ಹೊತ್ತಿಗೆ ಅರ್ಜಿ ಹಾಕಿ, ಏಕೆಂದರೆ ಉಳಿದ ಪ್ರಿಪೇಯ್ಡ್ ಬ್ಯಾಲೆನ್ಸ್ ನಿಮ್ಮೊಂದಿಗೆ ಹೊಸ ಕಂಪನಿಗೆ ಬರುವುದಿಲ್ಲ.