ಕರಾವಳಿಯಿಂದ ಘಟ್ಟ ಹತ್ತುವವರಿಗೆ ಏರಿನ ಲೆಕ್ಕ

ಮಂಗಳೂರು, ಉಡುಪಿಗಳಿಂದ ಚಾರಣಕ್ಕೆ ಹೊರಡುವವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಇದೆ ಎಂದು. ಕಡಲ ತಡಿಯಲ್ಲಿ ಬೆಳಗ್ಗೆ ನಡೆಯುವವರಿಗೆ ಆ ಪ್ರಶ್ನೆ ಸಾಕು, ಘಟ್ಟಕ್ಕೆ ಸಾಲದು. ಸುಬ್ರಹ್ಮಣ್ಯದ ಪೇಟೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 120 ಮೀಟರ್ ಎತ್ತರದಲ್ಲಿದೆ. ಕುಮಾರಪರ್ವತದ ತುದಿ 1,712 ಮೀಟರ್ ಎತ್ತರದಲ್ಲಿದೆ. ಅಂದರೆ ಅಲ್ಲಿಗೆ ಹೋಗುವವರು ಸುಮಾರು 1,600 ಮೀಟರ್ ಏರನ್ನು ಸ್ವಂತ ಕಾಲಿನಲ್ಲೇ ಹತ್ತಬೇಕು. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದ್ದರೂ ಅದರ ತುದಿಯ ಹತ್ತಿರದವರೆಗೆ ವಾಹನವೇ ಹೋಗುತ್ತದೆ. ಆದ್ದರಿಂದ ಶಿಖರದ ಎತ್ತರವನ್ನು ನೋಡಿ ಭಯಪಡುವುದಾಗಲಿ ಧೈರ್ಯಗೊಳ್ಳುವುದಾಗಲಿ ಬೇಡ. ನಾವು ಕಾಲಿಡುವ ಜಾಗದಿಂದ ತುದಿಗೆ ಎಷ್ಟು ಏರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಏರು ತಿಳಿದರೆ ಸಮಯವನ್ನು ಅಂದಾಜಿಸಬಹುದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟರು: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದಕ್ಕೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 12 ಕಿಲೋಮೀಟರ್ ಎಂದಿಟ್ಟುಕೊಂಡರೆ ಈ ಸೂತ್ರದ ಪ್ರಕಾರ ಐದು ಗಂಟೆಯಾಗುತ್ತದೆ. ಆದರೆ ಅದು ತಣ್ಣನೆಯ ನಾಡಿನವರ ಲೆಕ್ಕ. ನಮ್ಮ ಘಟ್ಟದ ಬುಡದ ಕಾಡಿನಲ್ಲಿ ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ. ಹಾಗಾಗಿ ಹೊಸಬರು ಅದರ ಮೇಲೆ ಅರ್ಧದಷ್ಟು ಸೇರಿಸಿಕೊಂಡು ಏಳೂವರೆ ಗಂಟೆ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ನಡುವೆ 20 ಮೀಟರ್ ಎತ್ತರದ ಅಂತರವಿರುತ್ತದೆ. ದಾರಿ ಎಷ್ಟು ರೇಖೆಗಳನ್ನು ದಾಟುತ್ತದೆ ಎಂದು ಬೆರಳಿಟ್ಟು ಎಣಿಸಿದರೆ ಏರಿನ ಲೆಕ್ಕ ಮನೆಯಲ್ಲೇ ಸಿಗುತ್ತದೆ, ರೇಖೆಗಳು ಒತ್ತೊತ್ತಾಗಿರುವಲ್ಲಿ ಉಸಿರು ಕಟ್ಟುವ ಏರಿದೆ ಎಂಬುದೂ ಕಣ್ಣಿಗೆ ಕಾಣುತ್ತದೆ.

ಇಳಿಯುವುದು ಸುಲಭವೆಂಬ ನಂಬಿಕೆಗೆ ನಾನೇ ದಂಡ ತೆತ್ತಿದ್ದೇನೆ. ಮೊದಲ ಬಾರಿ ಕುಮಾರಪರ್ವತಕ್ಕೆ ಹೋದಾಗ ಹಿಂದಿನ ವಾರವಷ್ಟೇ ಕೊಂಡ ಬೂಟು ಧರಿಸಿದ್ದೆ, ಕಾಲಿನ ಉಗುರು ಕತ್ತರಿಸಿರಲಿಲ್ಲ. ದಾರಿಯ ನಡುವೆ ಸಿಗುವ ಗಿರಿಗದ್ದೆಯಿಂದ ಕೆಳಗೆ ಬೇರುಗಳ ಮೆಟ್ಟಿಲಿನಲ್ಲಿ ಇಳಿಯುವಾಗ ಪ್ರತಿ ಹೆಜ್ಜೆಗೂ ಹೆಬ್ಬೆರಳು ಬೂಟಿನ ಮೂತಿಗೆ ಗುದ್ದುತ್ತಿತ್ತು. ಮರುವಾರ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ಕಳಚಿಕೊಂಡವು. ಅಂದಿನಿಂದ ಹೊರಡುವ ಎರಡು ದಿನ ಮೊದಲೇ ಉಗುರು ಕತ್ತರಿಸುತ್ತೇನೆ, ಇಳಿಜಾರು ಆರಂಭವಾಗುವ ಮುನ್ನ ಒಮ್ಮೆ ಕುಳಿತು ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟುತ್ತೇನೆ. ಒಂದು ಕೋಲು ಕೈಯಲ್ಲಿದ್ದರೆ ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಅದಕ್ಕಾಗಿ ಕಾಡಿನ ಗಿಡವನ್ನು ಮುರಿಯದೆ ಮನೆಯಿಂದಲೇ ತರಬೇಕು.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಉಡುಪಿಯವರಿಗೆ ಕುಂಜಾರುಗಿರಿ, ಬಂಟ್ವಾಳದ ಕಡೆಯವರಿಗೆ ಕಾರಿಂಜ, ಕಾರ್ಕಳದವರಿಗೆ 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿಯ ಗೊಮ್ಮಟನ ಬೆಟ್ಟ ಇವೆ. ಬೆನ್ನಚೀಲದಲ್ಲಿ ಮೂರು ಲೀಟರ್ ನೀರು ಹೊತ್ತು ಒಂದೇ ಬೆಳಗ್ಗೆ ನಾಲ್ಕೈದು ಸಲ ಹತ್ತಿ ಇಳಿಯುವುದನ್ನು ಒಂದು ತಿಂಗಳು ವಾರಕ್ಕೆರಡು ಬಾರಿ ಮಾಡಿದರೆ ತೊಡೆಗಳು ಹದಕ್ಕೆ ಬರುತ್ತವೆ. ನಂತರ ಬೆಳ್ತಂಗಡಿ ಬಳಿಯ ಗಡಾಯಿಕಲ್ಲು, ಅಂದರೆ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ, ಒಳ್ಳೆಯ ಪರೀಕ್ಷೆ. ಅದರ ಮೆಟ್ಟಿಲುಗಳಲ್ಲಿ ಮಾತಾಡುತ್ತಾ ಹತ್ತಲು ಸಾಧ್ಯವಾದರೆ 1,343 ಮೀಟರಿನ ಕೊಡಚಾದ್ರಿಗೆ ಹೋಗಬಹುದು. ಕುದುರೆಮುಖ ಅದರ ನಂತರದ್ದು. ಕಾರ್ಕಳ, ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್ ದಾಟಿ ಕಳಸದ ಬಸ್ಸಿನಲ್ಲಿ ಬಾಳೆಗಲ್ಲಿಗೆ ಬಂದು ಜೀಪಿನಲ್ಲಿ ಮುಳ್ಳೋಡಿ ಸೇರಿದರೆ ಅಲ್ಲಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆಯಿದೆ. ಜೀಪು ಅರ್ಧ ಘಟ್ಟವನ್ನು ತಾನೇ ಹತ್ತಿಸುವುದರಿಂದ ಏರು ಕುಮಾರಪರ್ವತಕ್ಕಿಂತ ಕಡಿಮೆ. ಆದ್ದರಿಂದ ಕುಮಾರಪರ್ವತವನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಅನುಮತಿಯಿಲ್ಲದೆ ಹೊರಡಬಾರದು. ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಕುಮಾರಪರ್ವತವಿರುವ ಪುಷ್ಪಗಿರಿ ವನ್ಯಧಾಮವೂ ಅರಣ್ಯ ಇಲಾಖೆಯ ಅಧೀನದಲ್ಲಿದ್ದು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯೊಂದಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ನೋಂದಣಿ ನಡೆಯುತ್ತದೆ. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿಗಳನ್ನು ಮುಚ್ಚುತ್ತಾರೆ. ಮಳೆ ಕಳೆದು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಉತ್ತಮ. ಆದರೆ ಬೊಂತೆಲ್ ತಿಂಗಳ (ಅಕ್ಟೋಬರ್-ನವೆಂಬರಿನ ತುಳು ತಿಂಗಳು) ಮಧ್ಯಾಹ್ನದ ಗುಡುಗು ಮಳೆಯನ್ನು ತುಳುನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸಲಾಗದಿದ್ದರೆ ಬೋಳು ಏಣನ್ನು ಬಿಟ್ಟು ತಕ್ಷಣ ಕೆಳಗಿಳಿಯಬೇಕು, ಒಂಟಿ ಮರದಡಿ ನಿಲ್ಲಬಾರದು.

ನೀರಿನ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. ಕುಮಾರಪರ್ವತದ ದಾರಿಯಲ್ಲಿ ಕಲ್ಲುಮಂಟಪದ ಬಳಿ ನೀರು ತುಂಬಿಕೊಳ್ಳದಿದ್ದರೆ ಮುಂದೆ ಶೇಷಪರ್ವತದ ಬಿಸಿಲಿನಲ್ಲಿ ಪರಿತಪಿಸಬೇಕಾಗುತ್ತದೆ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು: ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿಕೊಂಡರೆ ಮನೆಯಲ್ಲೇ ಮಾಡಿದ ಓಆರ್‌ಎಸ್ ಆಯಿತು. ಪುನರ್ಪುಳಿಯ ರಸ ಸ್ವಲ್ಪ ಸೇರಿಸಿದರೆ ಬಾಯಿಗೂ ಹಿತ. ಬೆಳಗ್ಗೆ ಹೊರಡುವ ಮುನ್ನ ಕುಚ್ಚಲಕ್ಕಿ ಗಂಜಿ, ದಾರಿಗೆ ಚಪಾತಿ, ಒಣ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಸಾಕು. ತೆಂಗಿನಕಾಯಿ ಹಾಕಿದ ಯಾವುದೂ ಚೀಲದೊಳಗಿನ ಸೆಕೆಗೆ ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ.

ಉಂಬಳ, ಅಂದರೆ ಕಾಡಿನ ಜಿಗಣೆ, ಕಾಲಿಗೆ ಹತ್ತುವುದು ಗೊತ್ತೇ ಆಗುವುದಿಲ್ಲ. ತರಗೆಲೆಯ ಮೇಲೆ ದಾರದ ತುಂಡಿನಂತೆ ಎದ್ದು ನಿಂತು ಅತ್ತಿತ್ತ ತಲೆಯಾಡಿಸುತ್ತಿರುತ್ತದೆ, ಬೂಟು ಹತ್ತಿರ ಬಂದೊಡನೆ ಮಡಚಿ ಮಡಚಿ ಏರುತ್ತದೆ, ಕಾಲುಚೀಲದ ನೂಲಿನ ಸಂದಿಯಲ್ಲೇ ಬಾಯಿ ತೂರಿಸುತ್ತದೆ. ತೆಂಗಿನೆಣ್ಣೆಯಲ್ಲಿ ಹೊಗೆಸೊಪ್ಪಿನ ಪುಡಿ ಕಲಸಿ ಬೂಟಿಗೂ ಕಣಕಾಲಿಗೂ ಹಚ್ಚಿಕೊಂಡರೆ ಬಹುಮಟ್ಟಿಗೆ ದೂರವಿರುತ್ತದೆ. ಕಚ್ಚಿದರೆ ಅವಸರದಿಂದ ಕಿತ್ತೆಳೆಯದೆ ಬಾಯಿಯಿರುವ ಕಡೆ ಉಗುರನ್ನು ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಬಿಟ್ಟಿರುವುದರಿಂದ ಗಾಯ ಬಹಳ ಹೊತ್ತು ಒಸರುತ್ತದೆ. ಶುಚಿಯಾದ ಬಟ್ಟೆ ಒತ್ತಿಟ್ಟರೆ ನಿಲ್ಲುತ್ತದೆ, ಗಾಬರಿ ಬೇಡ.

ದಾರಿ ತಪ್ಪುವುದು ಹೆಚ್ಚಾಗಿ ಕಾಡಿನಲ್ಲಲ್ಲ, ಮಂಜು ಕವಿದ ಹುಲ್ಲುಗಾವಲಿನಲ್ಲಿ. ಕಾಡುಕೋಣಗಳು ನಡೆದ ಜಾಡು ಮನುಷ್ಯರ ಕಾಲುದಾರಿಯಷ್ಟೇ ಸ್ಪಷ್ಟವಾಗಿರುತ್ತದೆ, ಆದರೆ ಅದು ನೀರಿರುವ ಕಣಿವೆಗೆ ಇಳಿದುಬಿಡುತ್ತದೆ. ಹತ್ತು ಹೆಜ್ಜೆ ಮುಂದೆ ಏನೂ ಕಾಣದಾದರೆ ಗುಂಪೆಲ್ಲ ಒಂದೆಡೆ ಕುಳಿತು ಮಂಜು ಸರಿಯುವವರೆಗೆ ಕಾಯಬೇಕು. ಯಾರಾದರೂ ತಪ್ಪಿಸಿಕೊಂಡರೆ ನಿಮಿಷಕ್ಕೆ ಆರು ಬಾರಿ ಸೀಟಿ ಊದಿ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಊದುವುದು ಪರ್ವತಾರೋಹಿಗಳ ಸಂಕೇತ. ಮೂರು ಸೀಟಿ ಅದರ ಉತ್ತರ. ಮಾರ್ಗದರ್ಶಕರನ್ನು ಹಿಂದಿಕ್ಕಿ ಓಡುವ ಉತ್ಸಾಹಿಗಳಿಗೆ ಇದನ್ನು ಮೊದಲೇ ಹೇಳಿಡಬೇಕು. ತುದಿ ಎಷ್ಟೇ ಹತ್ತಿರವಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗುವುದೆಂದು ಬೆಳಗ್ಗೆಯೇ ನಿಶ್ಚಯಿಸಿಕೊಳ್ಳಿ. ಡಿಸೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗಿದರೂ ಮರಗಳಡಿ ಐದೂವರೆಗೇ ಕತ್ತಲು ಇಳಿದಿರುತ್ತದೆ, ಆದ್ದರಿಂದ ತಲೆಗೆ ಕಟ್ಟುವ ಟಾರ್ಚ್ ಹಗಲಿನ ಚಾರಣಕ್ಕೂ ಬೇಕು.

ಮನೆಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಹರಡುತ್ತದೆ, ಚಾರಣದ ತಿಂಗಳುಗಳಾದ ಡಿಸೆಂಬರ್, ಜನವರಿಗಳಲ್ಲೇ ಅದರ ಕಾಲ ಶುರುವಾಗುತ್ತದೆ. ಉಣ್ಣೆಯ ಮರಿ ಸಾಸಿವೆಗಿಂತ ಚಿಕ್ಕದಾದ್ದರಿಂದ ತೊಟ್ಟ ಬಟ್ಟೆಯನ್ನು ಹೊರಗೇ ಕಳಚಿ ಬಿಸಿನೀರಿಗೆ ಹಾಕಬೇಕು, ಸೋಪು ಹಚ್ಚಿ ಮಿಂದು ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಸೊಂಟಪಟ್ಟಿಯ ಗುರುತಿನಲ್ಲಿ ಬೆರಳಾಡಿಸಿ ನೋಡಬೇಕು. ಮುಂದಿನ ಹತ್ತು ದಿನಗಳೊಳಗೆ ಜ್ವರ, ವಿಪರೀತ ಮೈಕೈ ನೋವು ಬಂದರೆ ವೈದ್ಯರ ಬಳಿ ಹೋಗಿ, ಯಾವ ಕಾಡಿಗೆ, ಯಾವಾಗ ಹೋಗಿದ್ದಿರಿ ಎಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ.