ಕಾರಿನ ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಚಿತ್ರ ಬರೆದು ಮಾಡಿದ್ದು – ನನ್ನ ಅನುಭವ

ನನ್ ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಕಾರಿನ ಡೋರ್ ಲಾಕು, ವೈಪರು, ಇಂಡಿಕೇಟರು ಇವನ್ನೆಲ್ಲ ನೋಡ್ಕೊಳ್ಳೋ ಬಾಡಿ ಕಂಟ್ರೋಲ್ ಯೂನಿಟ್‌ಗೆ ಸಾಫ್ಟ್‌ವೇರ್ ಮಾಡ್ತೀವಿ. ಮೊದ್ಲು ಸಿಗ್ನಲ್ ಪಟ್ಟಿ ಎಕ್ಸೆಲ್‌ನಲ್ಲಿ, ಆರ್ಕಿಟೆಕ್ಚರ್ ಚಿತ್ರ, ಅಂದ್ರೆ ಸಾಫ್ಟ್‌ವೇರಿನ ಯಾವ ಭಾಗ ಯಾವುದಕ್ಕೆ ಏನು ಕಳಿಸುತ್ತೆ ಅನ್ನೋ ನಕ್ಷೆ, ಪಿಪಿಟಿಲಿ. ರಿವ್ಯೂ ದಿನ ಚೆನ್ನಾಗೇ ಕಾಣೋದು, ಎರಡು ತಿಂಗಳು ಕಳೆದ್ರೆ ಕೋಡೇ ಬೇರೆ ಚಿತ್ರಾನೇ ಬೇರೆ.

ಆಮೇಲೆ ಆಟೋಸಾರ್‌ಗೆ ಬಂದ್ವಿ, ಕಾರಿನ ಸಾಫ್ಟ್‌ವೇರ್ ಹೆಂಗೆ ಜೋಡಿಸ್ಬೇಕು ಅಂತ ಹೇಳೋ ಸ್ಟ್ಯಾಂಡರ್ಡು. ಕಾರು ಕಂಪನಿಗಳು, ಅವಕ್ಕೆ ಬಿಡಿಭಾಗ ಕೊಡೋರು ಸೇರ್ಕೊಂಡು 2003ರಲ್ಲಿ ಶುರು ಮಾಡಿದ್ದು ಅದು. ಒಂದೊಂದು ಕೆಲಸಕ್ಕೂ ಒಂದೊಂದು ಕಾಂಪೊನೆಂಟ್ ಬಾಕ್ಸು, ಅದಕ್ಕೆ ಡೇಟಾ ಒಳಗೆ ಹೊರಗೆ ಹೋಗೋ ಪೋರ್ಟು, ಪೋರ್ಟಿಂದ ಪೋರ್ಟಿಗೆ ಗೆರೆ. ಚಿತ್ರ ಮುಗಿದ್ಮೇಲೆ ಟೂಲು ಆ ಚಿತ್ರದ ವಿವರ ಇರೋ ಎಆರ್‌ಎಕ್ಸ್‌ಎಂಎಲ್ ಫೈಲ್ ಕೊಡುತ್ತೆ, ಅದ್ರಿಂದ ಕಾಂಪೊನೆಂಟುಗಳ ಮಧ್ಯೆ ಡೇಟಾ ಸಾಗಿಸೋ ಆರ್‌ಟಿಇ ಕೋಡ್ ತಾನೇ ಜನರೇಟ್ ಆಗುತ್ತೆ, ಹಂಗಾಗಿ ಗೆರೆ ಎಳೀದಿದ್ರೆ ಡೇಟಾನೇ ಹೋಗಲ್ಲ, ಚಿತ್ರಕ್ಕೆ ಬೆಲೆ ಬರೋದೇ ಇಲ್ಲಿ.

ನಂಗೆ ಇದು ಮನಸ್ಸಿಗೆ ನಾಟಿದ್ದು ಹಿಂದಿನ ಬಾಗಿಲಿನ ಕೇಸಲ್ಲಿ. ಗಾಡಿ ಓಡ್ತಿರೋವಾಗ ಹಿಂದಿನ ಬಟನ್ ಒತ್ತಿದ್ರೆ ಬಾಗಿಲು ತೆಗೀಬಾರ್ದು, ವೇಗ ಗಂಟೆಗೆ 5 ಕಿಮೀಗಿಂತ ಕಮ್ಮಿ ಇದ್ರೆ ಮಾತ್ರ ತೆಗೀಬೇಕು. ಟೆಸ್ಟ್ ಬೆಂಚಲ್ಲಿ ವೇಗ 60 ಕೊಟ್ಟು ಬಟನ್ ಒತ್ತಿದ್ವಿ, ತೆಗೀಲಿಲ್ಲ, ಸರಿ. ಆಮೇಲೆ ವೇಗದ ಮೆಸೇಜ್ ತರೋ ಕ್ಯಾನ್ ಬಸ್ ವೈರ್ (ಕಾರಿನ ಯೂನಿಟ್‌ಗಳು ಒಂದಕ್ಕೊಂದು ಮಾತಾಡೋ ಲೈನು) ಕಿತ್ತು ಒತ್ತಿದ್ವಿ, ಟಕ್ ಅಂತ ಬಾಗಿಲ ಲಾಕು ಬಿಟ್ಕೊಂಡ್ತು. ಎಲ್ರೂ ಸುಮ್ನೆ ನಿಂತ್ಬಿಟ್ವಿ, ಹಿಂದಿನ ಸೀಟಲ್ಲಿ ಕೂರೋದು ಮಕ್ಕಳು ಅಲ್ವಾ.

ಕೋಡಲ್ಲಿ ಹುಡುಕಿದ್ರೆ ಏನೂ ತಪ್ಪು ಕಾಣ್ಲಿಲ್ಲ, ಚಿತ್ರ ತೆಗೆದು ವೇಗದ ಪೋರ್ಟ್ ಮೇಲೆ ಕ್ಲಿಕ್ ಮಾಡಿದಾಗ ಸಿಕ್ತು: ಟೈಮ್‌ಔಟ್ ಆದ್ರೆ, ಅಂದ್ರೆ ಮೆಸೇಜ್ ಹೊತ್ತಿಗೆ ಬರದಿದ್ರೆ, ಇನಿಶಿಯಲ್ ವ್ಯಾಲ್ಯೂ (ಶುರುವಿನ ಬೆಲೆ) ಹಾಕು ಅಂತ ಸೆಟ್ಟಿಂಗು, ಇನಿಶಿಯಲ್ ವ್ಯಾಲ್ಯೂ ಸೊನ್ನೆ! ಮೆಸೇಜ್ ನಿಂತಿದ್ದನ್ನ ಲಾಕ್ ಕಾಂಪೊನೆಂಟು ಗಾಡಿನೇ ನಿಂತಿದೆ ಅಂತ ತಿಳ್ಕೊಂಡಿತ್ತು, ಯಾಕಂದ್ರೆ ನಾವು ವ್ಯಾಲ್ಯೂ ಮಾತ್ರ ಓದ್ತಿದ್ವಿ, ಆ ವ್ಯಾಲ್ಯೂ ನಂಬಬಹುದಾ ಅಂತ ಓದೋ ಫಂಕ್ಷನ್ನು ವಾಪಸ್ ಕೊಡೋ ಸ್ಟೇಟಸ್ ನೋಡ್ತಾನೇ ಇರ್ಲಿಲ್ಲ. ಈಗ ಸ್ಟೇಟಸ್ ಸರಿ ಇಲ್ಲ ಅಂದ್ರೆ ಬಟನ್ ಕೆಲಸಾನೇ ಮಾಡಲ್ಲ.

ಅವತ್ತಿಂದ ಪ್ರತಿ ಪೋರ್ಟಿನ ಪಕ್ಕ ಅಳತೆ ಯಾವುದ್ರಲ್ಲಿ, ಎಷ್ಟು ಮಿಲಿಸೆಕೆಂಡಿಗೆ ಬರುತ್ತೆ, ಬರದಿದ್ರೆ ಏನು ಅಂತ ಚಿತ್ರದಲ್ಲೇ ಬರೀತೀವಿ. ಇಡೀ ಕಂಟ್ರೋಲ್ ಯೂನಿಟ್ಟನ್ನ ಒಂದೇ ಪೇಜಿಗೆ ತುರುಕೋದು ಬಿಟ್ವಿ, ಒಂದು ಫಂಕ್ಷನ್‌ಗೆ ಒಂದು ಚಿತ್ರ. ರಿವ್ಯೂನಲ್ಲಿ ನಾನು ಒಂದೊಂದು ಗೆರೆ ಮೇಲೂ ಬೆರಳಿಟ್ಟು "ಈ ವೈರ್ ಕಿತ್ರೆ ಏನಾಗುತ್ತೆ ಹೇಳಪ್ಪ" ಅಂತ ಕೇಳ್ತೀನಿ, ಉತ್ತರ ಬರೋವರ್ಗೂ ಮುಂದಿನ ಗೆರೆಗೆ ಹೋಗಲ್ಲ.