ನೆರಳು ಮಾಯ ಮಾಡೋದು ಹೇಗೆ? ಬೆಂಗಳೂರಿನ ಟೆರೇಸ್ ಮೇಲೊಂದು ಪ್ರಯೋಗ

ಮಟಮಟ ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿ ಮೇಲಿರ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಮಟ್ಟಿಗೆ ಈ ಮಾತು ನಿಜವಾಗೋದು ವರ್ಷಕ್ಕೆ ಎರಡೇ ದಿನ, ಅದೂ 12 ಗಂಟೆಗಲ್ಲ. ಏಪ್ರಿಲ್ 24ರ ಆಸುಪಾಸು ಒಂದು, ಆಗಸ್ಟ್ 18ರ ಆಸುಪಾಸು ಇನ್ನೊಂದು. ಅವತ್ತು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಇದನ್ನೇ ಶೂನ್ಯ ನೆರಳಿನ ದಿನ ಅನ್ನೋದು. ಆಗಸ್ಟ್‌ನಲ್ಲಿ ಮೋಡವನ್ನು ನಂಬೋ ಹಾಗಿಲ್ಲ, ಹಾಗಾಗಿ ಏಪ್ರಿಲ್‌ಗೇ ತಯಾರಾಗಿ.

ಮೊದಲು ಟೈಮು. ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರೋದು 77.6ರಲ್ಲಿ. ಒಂದು ಡಿಗ್ರಿ ತಿರುಗೋಕೆ ಭೂಮಿಗೆ 4 ನಿಮಿಷ ಬೇಕು, ಅಂದರೆ ನಮ್ಮ ನಿಜವಾದ ನಡುಹಗಲು ಹೆಚ್ಚುಕಮ್ಮಿ 20 ನಿಮಿಷ ತಡ. ದಿನಕ್ಕೆ ತಕ್ಕಂತೆ ಇದು ಕೆಲವು ನಿಮಿಷ ಆಚೀಚೆ ಆಗುತ್ತೆ, ಹಾಗಾಗಿ ಏಪ್ರಿಲ್‌ನಲ್ಲಿ 12:18ರ ಹತ್ತಿರ, ಆಗಸ್ಟ್‌ನಲ್ಲಿ 12:23ರ ಹತ್ತಿರ ಇಟ್ಟುಕೊಳ್ಳಿ. ಚೆನ್ನೈ ಮತ್ತು ಮಂಗಳೂರು ಸುಮಾರು ನಮ್ಮ ಅಕ್ಷಾಂಶದಲ್ಲೇ ಇರೋದರಿಂದ ಅಲ್ಲೂ ಹೆಚ್ಚುಕಡಿಮೆ ಅದೇ ದಿನವೇ. ಚೆನ್ನೈನಲ್ಲಿ ನಮಗಿಂತ 11 ನಿಮಿಷ ಮುಂಚೆ, ಮಂಗಳೂರಿನಲ್ಲಿ 11 ನಿಮಿಷ ಆಮೇಲೆ. ಅಲ್ಲಿ ನೆಂಟರಿದ್ದರೆ ವಿಡಿಯೋ ಕಾಲ್ ಮಾಡಿ, ಭೂಮಿ ತಿರುಗೋದನ್ನ ಮೂರು ಟೆರೇಸ್‌ಗಳಿಂದ ನೋಡಬಹುದು.

ಇನ್ನು ಯಾವ ವಸ್ತು ಇಡೋದು? ಬೋರಲು ಹಾಕಿದ ಸ್ಟೀಲ್ ಲೋಟ ಬೇಡ. ಲೋಟದ ಬಾಯಿ ಅಗಲ, ತಳ ಚಿಕ್ಕದು, ಬೋರಲು ಹಾಕಿದರೆ ನೆರಳು ಆ ಇಳಿಜಾರಿನೊಳಗೇ ಉಳಿಯುತ್ತದೆ. ಅಂಥ ಲೋಟ ಹಿಂದೆ ಮುಂದೆ ಎಷ್ಟೋ ದಿನ "ಶೂನ್ಯ ನೆರಳು" ತೋರಿಸುತ್ತೆ, ವಾಟ್ಸಾಪ್‌ಗೆ ಫೋಟೋನೂ ಚೆನ್ನಾಗಿ ಬರುತ್ತೆ, ಆದರೆ ಅದು ಮೋಸ. ನೀಟಾಗಿ ಕೊಯ್ದ ಒಂದಡಿ ಪಿವಿಸಿ ಪೈಪು ತನ್ನಿ, ನಾಲ್ಕಿಂಚಿನದಾದರೆ ಒಳ್ಳೆಯದು. ಬಿಳಿ ಹಾಳೆ ಮೇಲೆ ನಿಲ್ಲಿಸಿ. ಹೊರಗಿನ ನೆರಳಿಗಿಂತ ಒಳಗಿನ ಆಟವೇ ಚೆಂದ. ನಾಲ್ಕು ನಿಮಿಷ ಮುಂಚೆ ಪೈಪಿನ ತಳದಲ್ಲಿ, ಪೂರ್ವದ ಕಡೆ, ಅರ್ಧ ಸೆಂಟಿಮೀಟರ್ ದಪ್ಪದ ನೆರಳು ಬಿದಿಗೆ ಚಂದ್ರನ ಹಾಗೆ ಅಂಟಿಕೊಂಡಿರುತ್ತದೆ. ನೋಡ್ತಾ ನೋಡ್ತಾ ಅದು ಸವೆದು, ಇಡೀ ವೃತ್ತಕ್ಕೆ ಬಿಸಿಲು ತುಂಬಿ, ಆಮೇಲೆ ಪಶ್ಚಿಮದ ಕಡೆ ಹೊಸ ನೆರಳು ಹುಟ್ಟುತ್ತದೆ. ತಲೆ ಅಡ್ಡ ಬರದ ಹಾಗೆ ಮೊಬೈಲನ್ನು ಬದಿಯಿಂದ ಹಿಡಿಯಿರಿ. ಸೂರ್ಯನ ಕಡೆ ಮಾತ್ರ ಬರಿಗಣ್ಣಲ್ಲಿ ನೋಡಬೇಡಿ. ಕಾಲಿಗೆ ಚಪ್ಪಲಿ ಇರಲಿ, ಏಪ್ರಿಲ್ ಟೆರೇಸು ದೋಸೆ ಹೆಂಚೇ.

ಎಲ್ಲರೂ ಎಡವೋದು ಇಲ್ಲಿ: ಟೆರೇಸು ಸಮತಟ್ಟಾಗಿರಲ್ಲ. ಮಳೆನೀರು ಪೈಪಿನ ಕಡೆ ಹರಿಯಲಿ ಅಂತ ಕಟ್ಟುವಾಗಲೇ ಇಳಿಜಾರು ಕೊಟ್ಟಿರುತ್ತಾರೆ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿದರೂ ಅರ್ಧ ಡಿಗ್ರಿಗಿಂತ ಜಾಸ್ತಿ ಆಯ್ತು. ಆ ಸಮಯದಲ್ಲಿ ನಡುಹಗಲಿನ ಸೂರ್ಯ ದಿನಕ್ಕೆ ಸರಿಯೋದೇ ಡಿಗ್ರಿಯ ಮೂರನೇ ಒಂದು ಭಾಗ. ಅಂದರೆ ನಿಮ್ಮ ಮೇಸ್ತ್ರಿ ಕೊಟ್ಟ ಇಳಿಜಾರು ಕ್ಯಾಲೆಂಡರನ್ನೇ ಒಂದೆರಡು ದಿನ ಆಚೀಚೆ ತಳ್ಳಬಹುದು! ದಾರಕ್ಕೆ ಬೀಗದಕೈ ಗೊಂಚಲು ಕಟ್ಟಿ ಇಳಿಬಿಡಿ. ದಾರಕ್ಕೂ ಪೈಪಿಗೂ ಅಂತರ ಮೇಲೆ ಕೆಳಗೆ ಒಂದೇ ಇದೆಯಾ ಅಂತ ಎರಡು ಬದಿಯಿಂದ ನೋಡಿ, ಇಲ್ಲದಿದ್ದರೆ ಪೈಪಿನಡಿ ಪೇಪರ್ ಮಡಚಿಡಿ. ಇಷ್ಟರಲ್ಲಿ ಬಟ್ಟೆ ಒಣಹಾಕೋಕೆ ಬಂದ ಪಕ್ಕದ ಮನೆ ಆಂಟಿ "ಏನಪ್ಪಾ, ಇವತ್ತು ಗ್ರಹಣಾನಾ?" ಅಂತ ಕೇಳೇ ಕೇಳ್ತಾರೆ. ಅವರ ಕೈಗೂ ಒಂದು ದಾರ ಕೊಡಿ.

ಮಕ್ಕಳಿಗೊಂದು ಒಗಟು ಬಿಡಿ: ಜೂನ್ 21ರ ನಡುಹಗಲಲ್ಲಿ ಒಂದು ಮೀಟರ್ ಕೋಲಿನ ನೆರಳು ಯಾವ ಕಡೆ ಬೀಳುತ್ತೆ? ಉತ್ತರಕ್ಕೆ ಅನ್ನುವವರೇ ಜಾಸ್ತಿ. ಬೀಳೋದು ದಕ್ಷಿಣಕ್ಕೆ, ಸುಮಾರು 18 ಸೆಂಟಿಮೀಟರ್. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರ್ತಾನೆ, ಉತ್ತರದ ಬಾಲ್ಕನಿಯ ಗಿಡಗಳಿಗೆ ಬಿಸಿಲು ಸಿಗೋದೂ ಆಗಲೇ. ದೆಹಲಿಯವರ ಜೊತೆ ಬೇಕಾದರೆ ಬಾಜಿ ಕಟ್ಟಿ. ಸೂರ್ಯ ನೆತ್ತಿಗೆ ಬರೋದು ಉತ್ತರದಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದವರೆಗೆ ಮಾತ್ರ, ದೆಹಲಿ ಅದರಿಂದ ಆಚೆಗಿದೆ, ಅಲ್ಲಿ ಪೈಪು ಎಷ್ಟೇ ನೆಟ್ಟಗೆ ನಿಲ್ಲಿಸಿದರೂ ನೆರಳು ಒಂದು ದಿನವೂ ಮಾಯವಾಗಲ್ಲ.